ನಾಳೆಯ ಚಿತ್ರ ಮೂಡದ ಮನಸ್ಸು: ಸ್ಕಿಜೋಫ್ರೇನಿಯಾ ಇರುವವರಲ್ಲಿ ಮನೋಚಿತ್ರಣದ ತೊಂದರೆಗಳು

(ಆಶಾ ಕಾರ್ಯಕರ್ತೆಯರು, ಸಮುದಾಯ ಆರೋಗ್ಯ ಅಧಿಕಾರಿಗಳು, ಅಂಗನವಾಡಿ ಕಾರ್ಯಕರ್ತೆಯರು, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

1. ಪೀಠಿಕೆ

ಸ್ಕಿಜೋಫ್ರೇನಿಯಾ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವವರ ಮನೆಗಳಿಗೆ ಭೇಟಿ ನೀಡುವ ಕಾರ್ಯಕರ್ತೆಯರಿಗೆ ಕೆಲವು ದೂರುಗಳು ಮತ್ತೆ ಮತ್ತೆ ಕೇಳಿಬರುತ್ತವೆ. "ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ, ಆಮೇಲೆ ಏನೂ ಮಾಡುವುದಿಲ್ಲ." "ಆಸ್ಪತ್ರೆಗೆ ಹೋಗುವ ದಿನ ಎದ್ದು ಸುಮ್ಮನೆ ಕೂತುಬಿಡುತ್ತಾಳೆ." "ತಂಗಿಯ ಮದುವೆ ಎಂದರೂ ಮುಖದಲ್ಲಿ ಒಂದು ಗೆಲುವಿಲ್ಲ." ಈ ಮಾತುಗಳ ಬೆನ್ನಿಗೇ ಸೋಮಾರಿ, ಹಟಮಾರಿ, ಬೇಜವಾಬ್ದಾರಿ ಎಂಬ ಹಣೆಪಟ್ಟಿಗಳೂ ಬರುತ್ತವೆ.

ಹಣೆಪಟ್ಟಿ ಅಂಟಿದ ಮನೆಯಲ್ಲಿ ಬೈಗುಳ ಹೆಚ್ಚುತ್ತದೆ, ಆಸರೆ ಕಡಿಮೆಯಾಗುತ್ತದೆ. ಆಸರೆ ಕಡಿಮೆಯಾದಲ್ಲಿ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದಲ್ಲಿ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚುತ್ತದೆ. ಆದುದರಿಂದ ಈ ವರ್ತನೆಯ ಕಾರಣವನ್ನು ಸರಿಯಾಗಿ ಅರಿಯುವುದು ಚಿಕಿತ್ಸೆಯ ಮುಂದುವರಿಕೆಗೆ ನೇರವಾಗಿ ಸಂಬಂಧಿಸಿದ ವಿಷಯವಾಗಿದೆ.

ಕಾರಣಗಳು ಹಲವಿವೆ. ಕಾಯಿಲೆಯಿಂದಲೇ ಬರುವ ನಿರುತ್ಸಾಹ, ಔಷಧಿಯ ಅಡ್ಡಪರಿಣಾಮವಾದ ಮಂಪರು, ಗಮನ ಹಾಗೂ ನೆನಪಿನ ಶಕ್ತಿಯ ಕುಗ್ಗುವಿಕೆ ಇವು ಬಹುತೇಕ ಕಾರ್ಯಕರ್ತೆಯರಿಗೆ ತರಬೇತಿಯಲ್ಲಿ ತಿಳಿಸಲ್ಪಟ್ಟಿವೆ. ಇವುಗಳ ಜೊತೆಗೆ, ಅಷ್ಟಾಗಿ ಚರ್ಚೆಗೆ ಬಾರದ ಮತ್ತೊಂದು ಕಾರಣವಿದೆ. ಅದು ಮನಸ್ಸಿನೊಳಗೆ ಚಿತ್ರ ಕಟ್ಟಿಕೊಳ್ಳುವ ಶಕ್ತಿಯಲ್ಲಿ ಉಂಟಾಗುವ ಏರುಪೇರು. ಪ್ರಸ್ತುತ ಪಾಠವು ಆ ವಿಷಯಕ್ಕೆ ಮೀಸಲಾಗಿದೆ.

2. ಪಾಠದ ಉದ್ದೇಶಗಳು

ಈ ಪಾಠವನ್ನು ಓದಿದ ನಂತರ ಕಾರ್ಯಕರ್ತರು ಈ ಕೆಳಕಂಡವುಗಳನ್ನು ಮಾಡಲು ಶಕ್ತರಾಗಬೇಕು:

(ಅ) ಮನೋಚಿತ್ರಣವೆಂದರೇನು, ದಿನನಿತ್ಯದ ಬದುಕಿನಲ್ಲಿ ಅದರ ಪಾತ್ರವೇನು ಎಂಬುದನ್ನು ವಿವರಿಸುವುದು.
(ಆ) ಸ್ಕಿಜೋಫ್ರೇನಿಯಾದಲ್ಲಿ ಅದು ಯಾವ ಯಾವ ಬಗೆಯಲ್ಲಿ ಏರುಪೇರಾಗುತ್ತದೆ ಎಂಬುದನ್ನು ಗುರುತಿಸುವುದು.
(ಇ) ಮನೆಭೇಟಿಯ ಸಮಯದಲ್ಲಿ ರೋಗಿಗೂ ಕುಟುಂಬಕ್ಕೂ ನೆರವಾಗುವ ಸರಳ ಕ್ರಮಗಳನ್ನು ಕೈಗೊಳ್ಳುವುದು.

3. ಮನೋಚಿತ್ರಣ ಎಂದರೇನು?

ಸಂತೆಗೆ ಹೊರಡುವ ಗೃಹಿಣಿ ಅಡುಗೆಮನೆಯ ಡಬ್ಬಿಗಳನ್ನು ಮನಸ್ಸಿನಲ್ಲೇ ಒಮ್ಮೆ ತೆರೆದು ನೋಡುತ್ತಾಳೆ: ಬೇಳೆ ತಳ ಕಂಡಿದೆ, ಉಪ್ಪು ಇದೆ, ಮೆಣಸಿನಕಾಯಿ ಮುಗಿದಿದೆ. ಜೋರು ಮಳೆ ಸುರಿದ ರಾತ್ರಿ ರೈತನು ಮಲಗಿದಲ್ಲಿಂದಲೇ ಹೊಲದ ಯಾವ ಬದುವಿನಲ್ಲಿ ನೀರು ನಿಂತಿರಬಹುದೆಂದು ಕಾಣುತ್ತಾನೆ. ಎದುರಿಗೆ ಇಲ್ಲದ ವಸ್ತು, ಸ್ಥಳ, ಧ್ವನಿ, ರುಚಿ ಅಥವಾ ಘಟನೆಯನ್ನು ಹೀಗೆ ಮನಸ್ಸಿನೊಳಗೆ ಮೂಡಿಸಿಕೊಳ್ಳುವುದಕ್ಕೆ ಮನೋಚಿತ್ರಣ ಎನ್ನಬಹುದು. 'ಚಿತ್ರ' ಎಂಬ ಪದವಿದ್ದರೂ ಅದು ಕಣ್ಣಿಗೆ ಮಾತ್ರ ಸೀಮಿತವಲ್ಲ. ತಾಯಿಯ ದನಿ, ಹೊಸ ಅಕ್ಕಿಯ ಅನ್ನದ ಪರಿಮಳ ಇವೂ ಮನಸ್ಸಿನಲ್ಲಿ ಮೂಡಬಲ್ಲವು.

ಈ ಶಕ್ತಿಯು ಎಲ್ಲರಲ್ಲಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1880ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ದಿನ ಬೆಳಿಗ್ಗೆ ತಾವು ಕುಳಿತಿದ್ದ ಉಪಾಹಾರದ ಮೇಜನ್ನು ಮನಸ್ಸಿನಲ್ಲಿ ಕಂಡು ವರ್ಣಿಸುವಂತೆ ಜನರನ್ನು ಕೇಳಿದ್ದರು. ಕೆಲವರಿಗೆ ಅದು ಕಣ್ಣೆದುರು ಕಂಡಷ್ಟೇ ಸ್ಪಷ್ಟವಾಗಿತ್ತು. ಕೆಲವರಿಗೆ ಯಾವ ಚಿತ್ರವೂ ಮೂಡಲಿಲ್ಲ. ಹೀಗೆ ಯಾವ ಚಿತ್ರವೂ ಮೂಡದ ಸ್ಥಿತಿಗೆ ಬ್ರಿಟನ್ನಿನ ನರವಿಜ್ಞಾನಿ ಆಡಂ ಝೀಮನ್ ಮತ್ತು ಸಂಗಡಿಗರು 2015ರಲ್ಲಿ 'ಅಫಾಂಟೇಸಿಯಾ' ಎಂಬ ಹೆಸರು ನೀಡಿದರು. ಅದು ಮಾನಸಿಕ ಕಾಯಿಲೆಯಲ್ಲ; ಅಂತಹವರು ಎಲ್ಲರಂತೆ ಬದುಕು ನಡೆಸುತ್ತಾರೆ. ಸ್ಕಿಜೋಫ್ರೇನಿಯಾದಲ್ಲಿ ಕಂಡುಬರುವ ತೊಂದರೆ ಇದಕ್ಕಿಂತ ಭಿನ್ನವಾದುದು ಎಂಬುದನ್ನು ಗಮನಿಸತಕ್ಕದ್ದು.

ಮನೋಚಿತ್ರಣವು ಮುಖ್ಯವಾಗಿ ನಾಲ್ಕು ಕೆಲಸಗಳಿಗೆ ನೆರವಾಗುತ್ತದೆ. ಕಳೆದುಹೋದ ಘಟನೆಯನ್ನು ವಿವರಗಳೊಡನೆ ನೆನೆಯುವುದು. ಮುಂದೆ ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ಯೋಜಿಸುವುದು. ಕಷ್ಟದ ಸಂದರ್ಭವನ್ನು ಎದುರಿಸುವ ಮುನ್ನ ಮನಸ್ಸಿನಲ್ಲಿ ಅಭ್ಯಾಸ ಮಾಡಿಕೊಳ್ಳುವುದು. ಬರಲಿರುವ ಸುಖವನ್ನು ಮುಂಚಿತವಾಗಿಯೇ ಸವಿಯುವುದು. ಹಬ್ಬಕ್ಕೆ ಇನ್ನೂ ಎಂಟು ದಿನವಿರುವಾಗಲೇ ಮನೆಯಲ್ಲಿ ಸಡಗರ ತುಂಬುವುದು ಈ ನಾಲ್ಕನೆಯ ಕೆಲಸದಿಂದ.

4. ಸ್ಕಿಜೋಫ್ರೇನಿಯಾ: ಸಂಕ್ಷಿಪ್ತ ಪರಿಚಯ

ಈ ಹೆಸರನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗೆನ್ ಬ್ಲಾಯ್ಲರ್ 1908ರಲ್ಲಿ ಬಳಕೆಗೆ ತಂದರು. ಕನ್ನಡದಲ್ಲಿ ಇದನ್ನು 'ಛಿದ್ರಮನಸ್ಕತೆ' ಎಂದೂ ಕರೆಯುವುದುಂಟು. ಆ ಪದದಿಂದ ಒಬ್ಬರಲ್ಲಿ ಇಬ್ಬರು ವ್ಯಕ್ತಿಗಳಿದ್ದಾರೆ ಎಂಬ ತಪ್ಪು ಅರ್ಥ ಮಾಡಿಕೊಳ್ಳಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಇದು ಮಾಟದಿಂದಾಗಲಿ, ದೇವರ ಮುನಿಸಿನಿಂದಾಗಲಿ, ತಂದೆತಾಯಿಯರು ಬೆಳೆಸಿದ ರೀತಿಯಿಂದಾಗಲಿ ಬರುವಂಥದ್ದಲ್ಲ. ಮೆದುಳಿನ ಕಾರ್ಯದಲ್ಲಿನ ವ್ಯತ್ಯಾಸ, ಅನುವಂಶೀಯತೆ ಮತ್ತು ಬದುಕಿನ ಒತ್ತಡಗಳು ಕೂಡಿ ಇದಕ್ಕೆ ಕಾರಣವಾಗುತ್ತವೆ.

ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುವುದು, ಆಧಾರವಿಲ್ಲದ ಸಂಗತಿಯನ್ನು ದೃಢವಾಗಿ ನಂಬುವುದು, ಮಾತು ಮತ್ತು ಆಲೋಚನೆಯ ಎಳೆ ತಪ್ಪುವುದು ಇವು ಎದ್ದು ಕಾಣುವ ಲಕ್ಷಣಗಳು. ಉತ್ಸಾಹವಿಲ್ಲದಿರುವುದು, ಮಾತು ಕಡಿಮೆಯಾಗುವುದು, ಜನರಿಂದ ದೂರ ಸರಿಯುವುದು ಇವು ಎದ್ದು ಕಾಣದ, ಆದರೆ ಬಹುಕಾಲ ಉಳಿಯುವ ಲಕ್ಷಣಗಳು. ಮೊದಲನೆಯ ಗುಂಪಿನ ಲಕ್ಷಣಗಳು ಔಷಧಿಯಿಂದ ಅನೇಕರಲ್ಲಿ ಹತೋಟಿಗೆ ಬರುತ್ತವೆ. ಎರಡನೆಯ ಗುಂಪಿಗೆ ಔಷಧಿಯೊಡನೆ ಮನೆಯವರ ಹಾಗೂ ಸಮುದಾಯದ ನೆರವು ಅತ್ಯಗತ್ಯ.

5. ಮನೋಚಿತ್ರಣದಲ್ಲಿ ಕಂಡುಬರುವ ಏರುಪೇರುಗಳು

ಮನೋಚಿತ್ರಣದ ಶಕ್ತಿ ಈ ಕಾಯಿಲೆಯಲ್ಲಿ ಸಂಪೂರ್ಣ ನಶಿಸುವುದಿಲ್ಲ. ಕೆಲವು ಕಡೆ ಅದು ಹೆಚ್ಚು ತೀವ್ರವಾಗಿದ್ದು, ಕೆಲವು ಕಡೆ ಬಡವಾಗಿರುತ್ತದೆ. ಎಲ್ಲ ಅಧ್ಯಯನಗಳೂ ಒಂದೇ ಫಲಿತಾಂಶ ನೀಡಿಲ್ಲವಾದರೂ, ಈ ಕೆಳಗಿನ ಐದು ಅಂಶಗಳು ಕ್ಷೇತ್ರ ಕಾರ್ಯಕ್ಕೆ ಉಪಯುಕ್ತವಾಗಿವೆ.

5.1 ಒಳಗಿನದು ಯಾವುದು, ಹೊರಗಿನದು ಯಾವುದು ಎಂಬ ಗೊಂದಲ

"ಬಾಗಿಲಿಗೆ ಚಿಲಕ ಹಾಕಿದೆನೋ, ಹಾಕಬೇಕು ಎಂದುಕೊಂಡೆನೋ" ಎಂಬ ಅನುಮಾನ ಯಾರಿಗಾದರೂ ಬರಬಹುದು. ನಡೆದುದನ್ನೂ ನೆನೆದುದನ್ನೂ ಬೇರ್ಪಡಿಸಿ ಗುರುತಿಸುವ ಈ ಕೆಲಸವನ್ನು ಅಮೆರಿಕದ ಮಾರ್ಸಿಯಾ ಜಾನ್ಸನ್ ಮತ್ತು ಕ್ಯಾರೊಲ್ ರೇ 1981ರಲ್ಲಿ ವಿವರಿಸಿದರು. ಸ್ಕಿಜೋಫ್ರೇನಿಯಾ ಇರುವವರಲ್ಲಿ, ವಿಶೇಷವಾಗಿ ಧ್ವನಿ ಕೇಳಿಸುವವರಲ್ಲಿ, ಈ ಕೆಲಸ ಆಗಾಗ ತಪ್ಪುತ್ತದೆ ಎಂದು ಅನೇಕ ಅಧ್ಯಯನಗಳು ತೋರಿಸಿವೆ. ತನ್ನ ಮನಸ್ಸಿನಲ್ಲಿಯೇ ಹುಟ್ಟಿದ ಮಾತು ಹೊರಗಿನವರ ಮಾತಿನಂತೆ ಭಾಸವಾಗುತ್ತದೆ. "ಮಾತ್ರೆ ನುಂಗಿದೆ" ಎಂದು ರೋಗಿ ಹೇಳಿ, ಮಾತ್ರೆ ಹಾಗೆಯೇ ಉಳಿದಿದ್ದರೆ ಅದು ಯಾವಾಗಲೂ ಸುಳ್ಳಾಗಿರಬೇಕಿಲ್ಲ; ನುಂಗಬೇಕೆಂದು ನೆನೆದದ್ದು ನುಂಗಿದಂತೆಯೇ ಉಳಿದಿರಬಹುದು.

5.2 ತೀವ್ರತೆ ಇದ್ದರೂ ಹತೋಟಿ ಇಲ್ಲದಿರುವುದು

ಜರ್ಮನಿಯಲ್ಲಿ ಅಲೆಕ್ಸಾಂಡರ್ ಸ್ಯಾಕ್ ಮತ್ತು ಸಂಗಡಿಗರು ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕಿಜೋಫ್ರೇನಿಯಾ ಇರುವವರು ತಮ್ಮ ಮನೋಚಿತ್ರಗಳು ಬಹಳ ಸ್ಪಷ್ಟವಾಗಿವೆ ಎಂದು ಇತರರಿಗಿಂತ ಹೆಚ್ಚಾಗಿ ತಿಳಿಸಿದರು. ಧ್ವನಿ ಕೇಳಿಸುವವರಲ್ಲಿಯೂ ಕೇಳಿಸದವರಲ್ಲಿಯೂ ಇದು ಕಂಡುಬಂದಿತು. ಚಿತ್ರ ಸ್ಪಷ್ಟವಾಗಿರುವುದು ಬೇರೆ, ಅದನ್ನು ಬೇಕಾದಾಗ ಕರೆದು, ಬೇಕಾದಂತೆ ತಿರುಗಿಸಿ, ಕೆಲಸಕ್ಕೆ ಬಳಸುವುದು ಬೇರೆ. ಕೈಗೆ ಸಿಗದ ದೀಪ ಎಷ್ಟು ಪ್ರಕಾಶಮಾನವಾಗಿದ್ದರೂ ದಾರಿ ತೋರಿಸಲಾರದು.

5.3 ಬೇಡವೆಂದರೂ ನುಗ್ಗಿಬರುವ ಚಿತ್ರಗಳು

ಬ್ರಿಟನ್ನಿನಲ್ಲಿ ಆಂಟನಿ ಮಾರಿಸನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ವನಿಗಳು ಅಥವಾ ತಪ್ಪು ನಂಬಿಕೆಗಳಿಂದ ಬಳಲುತ್ತಿದ್ದವರ ಪೈಕಿ ಬಹುಪಾಲು ಜನರು ಆ ಲಕ್ಷಣಗಳೊಡನೆ ಮನೋಚಿತ್ರಗಳೂ ಬರುತ್ತವೆ ಎಂದು ತಿಳಿಸಿದ್ದರು. ಯಾರೋ ಅಟ್ಟಿಸಿಕೊಂಡು ಬರುವಂತೆ, ಹೊಡೆಯುವಂತೆ ಮೂಡುವ ಇಂತಹ ಚಿತ್ರ ಕಂಡವರು ಹೊರಗೆ ಬರಲು ಹೆದರುವುದು ಸಹಜ. ಮನೆಯವರಿಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ.

5.4 ನಿನ್ನೆಯೂ ಮಸುಕು, ನಾಳೆಯೂ ಮಸುಕು

ಈ ಪಾಠದ ಮುಖ್ಯ ಅಂಶವಿದು. ಬೆಲ್ಜಿಯಂ ಮತ್ತು ಫ್ರಾನ್ಸಿನ ಸಂಶೋಧಕರಾದ ಆರ್ನೊ ದಾರ್ಜೆಂಬೊ, ಸ್ಟೆಫಾನ್ ರಫಾರ್ ಮತ್ತು ಮಾರ್ಷಿಯಲ್ ವಾನ್ ಡೆರ್ ಲಿಂಡೆನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ಬದುಕಿನಲ್ಲಿ ನಡೆದ ಒಂದು ನಿರ್ದಿಷ್ಟ ಘಟನೆಯನ್ನು ನೆನೆಯುವಂತೆಯೂ, ಮುಂದೆ ನಡೆಯಬಹುದಾದ ಒಂದು ನಿರ್ದಿಷ್ಟ ಘಟನೆಯನ್ನು ಕಲ್ಪಿಸಿಕೊಳ್ಳುವಂತೆಯೂ ಕೇಳಲಾಯಿತು. ಸ್ಕಿಜೋಫ್ರೇನಿಯಾ ಇರುವವರ ಉತ್ತರಗಳಲ್ಲಿ ನಿರ್ದಿಷ್ಟ ಘಟನೆಗಳು ಕಡಿಮೆ ಇದ್ದವು. ಕಳೆದುದನ್ನು ನೆನೆಯುವುದಕ್ಕಿಂತ ಬರಲಿರುವುದನ್ನು ಕಲ್ಪಿಸಿಕೊಳ್ಳುವುದು ಅವರಿಗೆ ಇನ್ನೂ ಕಷ್ಟವಾಗಿತ್ತು. ಇದೇ ಸಂಶೋಧಕರ ತಂಡದವರು 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಒಂದು ದೃಶ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಲು ಹೇಳಿದಾಗ ಅದರ ವಿವರಗಳು ಬಡವಾಗಿದ್ದುದೂ, ಬಿಡಿಭಾಗಗಳು ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳದಿದ್ದುದೂ ಕಂಡುಬಂದಿತು.

ಇದರ ಅರ್ಥ ಸರಳ. ಹಿಂದಿನ ಅನುಭವದ ತುಣುಕುಗಳನ್ನು ಜೋಡಿಸಿಯೇ ಮನುಷ್ಯನು ಮುಂದಿನ ದಿನದ ಚಿತ್ರವನ್ನು ಕಟ್ಟುತ್ತಾನೆ. ತುಣುಕುಗಳು ಮಸುಕಾಗಿದ್ದರೆ, ಅಥವಾ ಜೋಡಿಸುವ ಕೈ ದಣಿದಿದ್ದರೆ, 'ಮಂಗಳವಾರ' ಎಂಬುದು ಬರಿಯ ಪದವಾಗಿ ಉಳಿಯುತ್ತದೆ. ಆ ದಿನ ಬೆಳಿಗ್ಗೆ ಮೊದಲು ಏನು, ನಂತರ ಏನು ಎಂಬುದು ಕಾಣುವುದಿಲ್ಲ.

5.5 ಬರಲಿರುವ ಸುಖದ ರುಚಿ ಸಿಗದಿರುವುದು

ಅಮೆರಿಕದಲ್ಲಿ ಡೇವಿಡ್ ಗಾರ್ಡ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಮುಖ್ಯ ವ್ಯತ್ಯಾಸವನ್ನು ತೋರಿಸಿತು. ಸ್ಕಿಜೋಫ್ರೇನಿಯಾ ಇರುವವರು ಸುಖದ ಕ್ಷಣದಲ್ಲಿ ಇತರರಷ್ಟೇ ಸುಖಪಡಬಲ್ಲವರಾಗಿದ್ದರು; ಆದರೆ ಮುಂದೆ ಬರುವ ಸುಖವನ್ನು ನಿರೀಕ್ಷಿಸಿ ಸಂತೋಷಪಡುವುದು ಅವರಲ್ಲಿ ಕಡಿಮೆಯಾಗಿತ್ತು. ಜಾತ್ರೆಗೆ ಹೋಗಲು ಒಪ್ಪದವರು ಜಾತ್ರೆಗೆ ಹೋದ ಮೇಲೆ ನಗುನಗುತ್ತ ಮಿಠಾಯಿ ತಿನ್ನುವುದನ್ನು ಕಂಡು, "ಮನೆಯಲ್ಲಿ ನಾಟಕವಾಡುತ್ತಿದ್ದ" ಎಂದು ಕೋಪಿಸಿಕೊಳ್ಳುವ ಕುಟುಂಬದವರಿಗೆ ಈ ಅಂಶವನ್ನು ಅಗತ್ಯವಾಗಿ ತಿಳಿಸಬೇಕು. ಅದು ನಾಟಕವಲ್ಲ, ಹೋಗುವ ಮುನ್ನ ಜಾತ್ರೆಯ ಚಿತ್ರ ಅವರ ಮನಸ್ಸಿನಲ್ಲಿ ಮೂಡಿರಲಿಲ್ಲ.

6. ಮನೆಯಲ್ಲಿ ಕಾಣುವ ರೂಪ: ಒಂದು ಕಲ್ಪಿತ ಸಂದರ್ಭ

ಮೂವತ್ತು ವರ್ಷದ ಒಬ್ಬ ಯುವಕನಿಗೆ ತಿಂಗಳಿಗೊಮ್ಮೆ ದೀರ್ಘಾವಧಿಯ ಚುಚ್ಚುಮದ್ದು ನೀಡಲಾಗುತ್ತಿದೆ ಎಂದು ಭಾವಿಸಬಹುದು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಚಿಕಿತ್ಸಾಲಯಕ್ಕೆ ಅವನು ಹೋಗಬೇಕಾಗಿದೆ. ಹಿಂದಿನ ದಿನ ಆಶಾ ಕಾರ್ಯಕರ್ತೆ ಬಂದು "ನಾಳೆ ಆಸ್ಪತ್ರೆಗೆ ಹೋಗಬೇಕು, ಮರೀಬೇಡ ತಮ್ಮಾ" ಎನ್ನುತ್ತಾಳೆ. ಅವನು "ಆಯ್ತಕ್ಕಾ" ಎನ್ನುತ್ತಾನೆ. ಆ ಮಾತು ಪ್ರಾಮಾಣಿಕವಾದುದೇ. ಮರುದಿನ ತಾಯಿ ಕೂಲಿಗೆ ಹೋಗುತ್ತಾಳೆ. ಯುವಕ ಎದ್ದು ಜಗುಲಿಯ ಮೇಲೆ ಕುಳಿತಿರುತ್ತಾನೆ. ಬಸ್ಸು ಹೋಗುತ್ತದೆ. ಸಂಜೆ ತಾಯಿ ಬಂದು, "ನಿನಗೆ ಬದುಕುವ ಮನಸ್ಸೇ ಇಲ್ಲ" ಎಂದು ಅಳುತ್ತಾಳೆ. ಕಡತದಲ್ಲಿ 'ಗೈರುಹಾಜರು' ಎಂದು ದಾಖಲಾಗುತ್ತದೆ.

ಇಲ್ಲಿ ಕೊರತೆ ಇದ್ದುದು ಒಪ್ಪಿಗೆಯಲ್ಲಿ ಅಲ್ಲ. 'ಆಸ್ಪತ್ರೆಗೆ ಹೋಗುವುದು' ಎಂಬ ಒಂದೇ ಮಾತಿನೊಳಗೆ ಹತ್ತಾರು ಕೆಲಸಗಳಿವೆ: ಸ್ನಾನ, ಬಟ್ಟೆ, ಚೀಟಿ ಹುಡುಕುವುದು, ಹಣ, ಬಸ್ ನಿಲ್ದಾಣ, ಇಳಿಯುವ ಜಾಗ, ಸರದಿ ಸಾಲು, ವೈದ್ಯರ ಮುಂದೆ ಹೇಳಬೇಕಾದ ಮಾತು. ಇತರರ ಮನಸ್ಸು ಈ ಸರಣಿಯನ್ನು ತಾನಾಗಿಯೇ ಬಿಡಿಸಿ ತೋರಿಸುತ್ತದೆ. ಆ ಯುವಕನ ಮನಸ್ಸು ತೋರಿಸಲಿಲ್ಲ. ಮನಸ್ಸು ಕಟ್ಟಿಕೊಡದ ಚಿತ್ರವನ್ನು ಹೊರಗಿನಿಂದ ಕಟ್ಟಿಕೊಡುವುದೇ ಕಾರ್ಯಕರ್ತರು ಮತ್ತು ಕುಟುಂಬದವರು ನೀಡಬಹುದಾದ ನೆರವು.

7. ಮನೆಭೇಟಿಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

(1) ಒಂದು ಮಾತನ್ನು ಹಂತಗಳಾಗಿ ಬಿಡಿಸಿ ಹೇಳುವುದು. "ನಾಳೆ ಆಸ್ಪತ್ರೆಗೆ ಹೋಗು" ಎನ್ನುವ ಬದಲು, "ಬೆಳಿಗ್ಗೆ ಕಾಫಿ ಕುಡಿದ ಲೋಟ ಕೆಳಗಿಟ್ಟ ಕೂಡಲೇ ಸ್ನಾನಕ್ಕೆ ಹೋಗು. ಸ್ನಾನ ಆದಮೇಲೆ ಗೂಟಕ್ಕೆ ಹಾಕಿರುವ ನೀಲಿ ಅಂಗಿ ಹಾಕಿಕೋ. ಚೀಲ ಬಾಗಿಲ ಬಳಿ ಇದೆ" ಎಂದು ಹೇಳುವುದು. 'ಹೀಗಾದ ಕೂಡಲೇ ಹೀಗೆ ಮಾಡುವುದು' ಎಂಬ ಮಾದರಿಯ ಸಂಕಲ್ಪವು ಕೆಲಸ ಈಡೇರಲು ನೆರವಾಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ ವಿವರಿಸಿದ್ದಾರೆ.

(2) ಕಣ್ಣಿಗೆ ಕಾಣುವಂತೆ ಇಡುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಚುಚ್ಚುಮದ್ದಿನ ದಿನಕ್ಕೆ ಕೆಂಪು ಗುರುತು ಹಾಕಿಸುವುದು. ಚೀಟಿ, ಬಸ್ಸಿನ ಹಣ, ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ತೂಗುಹಾಕಿಸುವುದು. ಓದಲು ಬಾರದವರಿಗೆ ಹಂತಗಳನ್ನು ಚಿತ್ರಗಳಲ್ಲಿ ಬರೆದು ಅಂಟಿಸುವುದು.

(3) ಒಮ್ಮೆ ಜೊತೆಯಲ್ಲಿ ನಡೆದು ತೋರಿಸುವುದು. ಹೊಸ ಸ್ಥಳಕ್ಕೆ ಹೋಗಬೇಕಾದಾಗ ಬಸ್ಸು ಹತ್ತುವ ಕಟ್ಟೆಯಿಂದ ಚುಚ್ಚುಮದ್ದಿನ ಕೊಠಡಿಯವರೆಗೆ ಮೊದಲ ಸಲ ಕುಟುಂಬದವರೊಬ್ಬರು ಜೊತೆಗಿರಬೇಕು. ಕಾಲು ನಡೆದ ದಾರಿ ಮನಸ್ಸಿಗೆ ಸುಲಭವಾಗಿ ದಕ್ಕುತ್ತದೆ.

(4) ಮಾತ್ರೆಯ ಲೆಕ್ಕವನ್ನು ನೆನಪಿಗೆ ಬಿಡದಿರುವುದು. ವಾರದ ಏಳು ದಿನಗಳ ಮಾತ್ರೆಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿಟ್ಟು, ನುಂಗಿದ ಪೊಟ್ಟಣವನ್ನು ಒಂದು ಡಬ್ಬಿಗೆ ಹಾಕುವ ಅಭ್ಯಾಸ ಮಾಡಿಸುವುದು. ಆಗ "ನುಂಗಿದೆಯಾ?" ಎಂಬ ವಿಚಾರಣೆಯ ಅಗತ್ಯವಿರುವುದಿಲ್ಲ, ಡಬ್ಬಿಯೇ ಉತ್ತರಿಸುತ್ತದೆ.

(5) ಸುಖದ ಸಂಗತಿಗಳನ್ನು ವಿವರವಾಗಿ ನೆನಪಿಸುವುದು. "ಕಳೆದ ವರ್ಷ ತೇರಿನ ದಿನ ಯಾರ ಜೊತೆ ಕೂತಿದ್ದೆ? ಏನು ತಿಂದೆ? ಬಿಸಿಲಿತ್ತೇ?" ಎಂದು ನಿಧಾನವಾಗಿ ಕೇಳಿ, ನಂತರ ಈ ವರ್ಷದ ತೇರಿನ ಮಾತು ತೆಗೆಯುವುದು. ಸ್ವಿಟ್ಜರ್ಲೆಂಡಿನಲ್ಲಿ ಜೆರೋಮ್ ಫಾವ್ರೋ ಮತ್ತು ಸಂಗಡಿಗರು ಬರಲಿರುವ ಸುಖವನ್ನು ಮುಂಚಿತವಾಗಿ ಸವಿಯಲು ಕಲಿಸುವ ತರಬೇತಿಯನ್ನು ರೂಪಿಸಿದ್ದಾರೆ. ಉತ್ತರಕ್ಕೆ ಒತ್ತಾಯ ಮಾಡಬಾರದು. ಒಂದೆರಡು ವಿವರ ಸಿಕ್ಕರೂ ಸಾಕು.

(6) ಸಣ್ಣ ಕೆಲಸದಿಂದ ಆರಂಭಿಸುವುದು. ಕೊಟ್ಟಿಗೆಯ ಕೆಲಸ, ಹೂ ಕಟ್ಟುವುದು, ಅಂಗಡಿಯಲ್ಲಿ ಸಾಮಾನು ಜೋಡಿಸುವುದು ಇಂತಹ ಆರಂಭ ಮತ್ತು ಮುಕ್ತಾಯ ಕಣ್ಣಿಗೆ ಕಾಣುವ ಕೆಲಸಗಳು ಸೂಕ್ತ. ಮುಗಿಸಿದ ಕೆಲಸವನ್ನು ಹೆಸರಿಸಿ ಮೆಚ್ಚುಗೆ ಸೂಚಿಸಬೇಕು.

8. ಮಾಡಬಾರದ ಕೆಲಸಗಳು

(1) "ಸ್ವಲ್ಪ ಯೋಚನೆ ಮಾಡಿದರೆ ಗೊತ್ತಾಗುವುದಿಲ್ಲವೇ?" ಎಂದು ಹೀಯಾಳಿಸಬಾರದು.
(2) ಕೇಳಿಸುವ ಧ್ವನಿ ಅಥವಾ ಕಾಣುವ ದೃಶ್ಯದ ಬಗ್ಗೆ ವಾದಿಸಬಾರದು, ಹೌದೆಂದು ಒಪ್ಪಿಕೊಳ್ಳಲೂಬಾರದು. "ನಿಮಗೆ ಹಾಗೆ ಕಾಣುವಾಗ ಭಯವಾಗುತ್ತಿರಬೇಕು" ಎಂದು ಅವರ ಸಂಕಟವನ್ನು ಮಾತ್ರ ಒಪ್ಪಿಕೊಂಡು, ವೈದ್ಯರ ಗಮನಕ್ಕೆ ತರಬೇಕು.
(3) ಕಣ್ಣು ಮುಚ್ಚಿಸಿ ದೀರ್ಘಕಾಲ ಧ್ಯಾನ ಮಾಡಿಸುವುದು, ಭಯದ ದೃಶ್ಯವನ್ನು ನೆನೆಯಲು ಹೇಳುವುದು ಇತ್ಯಾದಿಗಳನ್ನು ತಜ್ಞರ ಸಲಹೆಯಿಲ್ಲದೆ ಮಾಡಬಾರದು. ನುಗ್ಗಿಬರುವ ಚಿತ್ರಗಳಿಗೆ ಚಿಕಿತ್ಸೆ ನೀಡುವುದು ತರಬೇತಿ ಹೊಂದಿದ ತಜ್ಞರ ಕೆಲಸ.
(4) ಲಕ್ಷಣ ಕಡಿಮೆಯಾಯಿತೆಂದು ಔಷಧಿಯನ್ನು ನಿಲ್ಲಿಸಬಾರದು. ಮೇಲ್ಕಂಡ ಕ್ರಮಗಳು ಔಷಧಿಗೆ ಪೂರಕವೇ ಹೊರತು ಬದಲಿಯಲ್ಲ.

9. ಕೂಡಲೇ ವೈದ್ಯರಿಗೆ ತಿಳಿಸಬೇಕಾದ ಸಂದರ್ಭಗಳು

ಸಾಯುವ ಮಾತು ಆಡುವುದು. ತನಗಾಗಲಿ ಇತರರಿಗಾಗಲಿ ಹಾನಿ ಮಾಡುವಂತೆ ಧ್ವನಿ ಆಜ್ಞಾಪಿಸುತ್ತಿದೆ ಎನ್ನುವುದು. ಊಟ, ನೀರು, ನಿದ್ರೆ ಬಿಡುವುದು. ಔಷಧಿಯನ್ನು ಪೂರ್ಣವಾಗಿ ನಿಲ್ಲಿಸಿರುವುದು. ಔಷಧಿ ಸೇವಿಸುತ್ತಿರುವವರಿಗೆ ತೀವ್ರ ಜ್ವರದೊಡನೆ ಮೈ ಸೆಟೆದುಕೊಳ್ಳುವುದು. ಇವುಗಳಲ್ಲಿ ಯಾವುದೇ ಒಂದು ಕಂಡುಬಂದಲ್ಲಿ ವಿಳಂಬ ಮಾಡದೆ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು; ಕನ್ನಡದಲ್ಲಿ ಮಾತನಾಡಬಹುದು.

10. ಸಮುದಾಯ, ಪಂಚಾಯಿತಿ ಮತ್ತು ಕಾನೂನು

ತಜ್ಞರು ಇರುವುದು ನಗರಗಳಲ್ಲಿ, ಹಳ್ಳಿಯಲ್ಲಿ ಏನೂ ಸಾಧ್ಯವಿಲ್ಲ ಎಂಬ ಭಾವನೆಗೆ ಕರ್ನಾಟಕದ ಅನುಭವವೇ ಉತ್ತರ ನೀಡಿದೆ. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ನಡೆದ ಪ್ರಯೋಗವು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಆರೈಕೆ ಮಾಡಬಲ್ಲರೆಂದು ತೋರಿಸಿತು. ಆ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ಹಾಗೂ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಅವರ ಊರಿನಲ್ಲಿಯೇ ಗುರುತಿಸಿ, ಚಿಕಿತ್ಸೆ ನೀಡಿ, ವರ್ಷಾನುಗಟ್ಟಲೆ ಅನುಸರಣೆ ಮಾಡುವ ಕಾರ್ಯವೂ ನಡೆದಿದೆ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಮಾನಸಿಕ ಕಾಯಿಲೆ ಇರುವವರನ್ನು ಸರಪಳಿಯಿಂದ ಬಂಧಿಸುವುದು ನಿಷಿದ್ಧ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದ ವೈಕಲ್ಯವಿದ್ದಲ್ಲಿ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿ ಪಡೆಯಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ನೆರವಾಗಬೇಕು. ಅರ್ಜಿ ಸಲ್ಲಿಸುವುದೂ ಹತ್ತಾರು ಹಂತಗಳ ಕೆಲಸವೇ ಆದ್ದರಿಂದ, "ಅರ್ಜಿ ಹಾಕಿಕೊಳ್ಳಿ" ಎಂದು ಹೇಳಿ ಕಳುಹಿಸದೆ, ಒಂದೊಂದು ದಾಖಲೆಯನ್ನೂ ಜೊತೆಗೂಡಿ ಒದಗಿಸಿಕೊಡುವುದು ಸೂಕ್ತ.

11. ಸಾರಾಂಶ

ಸ್ಕಿಜೋಫ್ರೇನಿಯಾ ಇರುವವರಲ್ಲಿ ಮನೋಚಿತ್ರಗಳು ಕೆಲವೊಮ್ಮೆ ಬೇಡದಿದ್ದಾಗ ತೀವ್ರವಾಗಿ ಬರುತ್ತವೆ, ಬೇಕಾದಾಗ ಮಸುಕಾಗಿ ಉಳಿಯುತ್ತವೆ. ನೆನೆದದ್ದು ನಡೆದಂತೆ ತೋರಬಹುದು. ನಾಳೆಯ ದಿನ ಕಣ್ಣಿಗೆ ಕಟ್ಟದಿರಬಹುದು. ಬರಲಿರುವ ಸುಖ ಸೆಳೆಯದಿರಬಹುದು. ಇದು ಸೋಮಾರಿತನವಲ್ಲ, ಹಟವಲ್ಲ. ಹಂತಗಳಾಗಿ ಬಿಡಿಸಿದ ಮಾತು, ಬಾಗಿಲ ಬಳಿಯ ಚೀಲ, ಗೋಡೆಯ ಮೇಲಿನ ಕೆಂಪು ಗುರುತು, ಮೊದಲ ಸಲ ಜೊತೆಯಲ್ಲಿ ನಡೆಯುವ ಒಬ್ಬರು ಇವು ಖರ್ಚಿಲ್ಲದ ನೆರವುಗಳು. ಔಷಧಿಯೊಡನೆ ಇವು ಸೇರಿದಾಗ 'ಗೈರುಹಾಜರು' ಎಂಬ ದಾಖಲೆಗಳು ಕಡಿಮೆಯಾಗಲು ಸಾಧ್ಯವಿದೆ.

12. ಪುನರ್ಮನನಕ್ಕಾಗಿ ಪ್ರಶ್ನೆಗಳು (ಮಾಸಿಕ ಸಭೆಯಲ್ಲಿ ಚರ್ಚಿಸುವುದು)

(1) ಮನೋಚಿತ್ರಣವು ದಿನನಿತ್ಯದ ಬದುಕಿನಲ್ಲಿ ನೆರವಾಗುವ ನಾಲ್ಕು ಕೆಲಸಗಳು ಯಾವುವು?
(2) ಮಾತ್ರೆ ನುಂಗದಿದ್ದರೂ "ನುಂಗಿದೆ" ಎಂದು ಹೇಳುವುದು ಯಾವಾಗಲೂ ಸುಳ್ಳಲ್ಲ ಏಕೆ?
(3) "ಗುರುವಾರ ಪಂಚಾಯಿತಿ ಕಚೇರಿಗೆ ಬಂದು ಆಧಾರ್ ಪ್ರತಿ ಕೊಡು" ಎಂಬ ಮಾತನ್ನು ಹಂತಗಳಾಗಿ ಬಿಡಿಸಿ ಬರೆಯಿರಿ.
(4) ಜಾತ್ರೆಗೆ ಬರಲು ಒಪ್ಪದ ಮಗನು ಅಲ್ಲಿ ಸಂತೋಷವಾಗಿದ್ದುದನ್ನು ಕಂಡು ಕೋಪಗೊಂಡ ತಂದೆಗೆ ಯಾವ ರೀತಿ ವಿವರಿಸುವಿರಿ?
(5) ತಮ್ಮ ವ್ಯಾಪ್ತಿಯಲ್ಲಿ ಚಿಕಿತ್ಸೆ ತಪ್ಪಿಸಿಕೊಂಡಿರುವ ಒಬ್ಬರ ಮನೆಗೆ ಮುಂದಿನ ಭೇಟಿಯಲ್ಲಿ ಕೈಗೊಳ್ಳುವ ಎರಡು ಕ್ರಮಗಳನ್ನು, ಅವರ ಹೆಸರು ನಮೂದಿಸದೆ, ಬರೆದುಕೊಂಡು ಬನ್ನಿ.